ಉಪ್ಪಿನ ಪುಟ

“ಮೇಷ್ಟ್ರೇ, ಹನ್ನೊಂದು ವರ್ಷದಿಂದ ಪ್ರೋಗ್ರಾಂ ಬರೀತಿರೋಳಿಗೂ ಕೈಪಿಡಿ ಬೇಕಾ?”

ಹೀಗೆ ಕೇಳಿದವಳು ಕಾತ್ಯಾಯಿನಿ. ಕೇಳಿದ್ದು ಓಂಕಾರಪ್ಪ ಮೇಷ್ಟ್ರನ್ನು. ಮೇಷ್ಟ್ರು ಹಿರಿಯೂರಿನ ಕಡೆ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ಐವತ್ತು ದಾಟಿದ ಮೇಲೆ ತಾವಾಗಿಯೇ ಕಂಪ್ಯೂಟರ್ ಕಲಿತರು. ಕಲಿತದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುವ ಜಾಯಮಾನ ಅವರದಲ್ಲ. ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಯಂತ್ರ ಇಟ್ಟು, ಬಂದವರಿಗೆಲ್ಲ ಕಲಿಸಿದರು. ಹಾಗೆ ಮೊದಲ ವರ್ಷವೇ ಬಂದು ಕಲಿತವಳು ಕಾತ್ಯಾಯಿನಿ. ಈಗ ಊರಿನ ಒಂದು ಹೆರಿಗೆ ಆಸ್ಪತ್ರೆಯ ಕಂಪ್ಯೂಟರ್ ಕೆಲಸವೆಲ್ಲ ಅವಳದೇ.

ಆ ಕೈಪಿಡಿ ಅವಳ ಕೈಯಲ್ಲೇ ಇತ್ತು. ಅಂಗೈ ಅಗಲದ ಪುಸ್ತಕ. ಒಂದು ಸಾಲಿಗೆ ಒಂದು ಆಜ್ಞೆ. ಅದು ಏನು ಮಾಡುತ್ತದೆ, ಅದನ್ನು ಯಾವ ಕ್ರಮದಲ್ಲಿ ಬರೆಯಬೇಕು, ಎಲ್ಲಿ ಎಚ್ಚರ ಬೇಕು, ಅಷ್ಟೇ. ಪಾಠ ಇಲ್ಲ, ಉಪದೇಶ ಇಲ್ಲ. ಅವಳು ಕಲಿಯಲು ಬಂದ ವಾರದಲ್ಲಿ ಮೇಷ್ಟ್ರೇ ಕೊಟ್ಟಿದ್ದರು. ಅದನ್ನು ಹಿಂದಿರುಗಿಸಲು ಅವಳು ಬಂದಿದ್ದಳು.

“ಯಾಕಮ್ಮಾ, ಯಾರಾದರೂ ಏನಾದರೂ ಅಂದರಾ?” ಎಂದರು ಮೇಷ್ಟ್ರು.

“ಅನ್ನಲಿಲ್ಲ. ನಕ್ಕರು.”

ನಕ್ಕವರು ಆಸ್ಪತ್ರೆಗೆ ಹೊಸದಾಗಿ ಸೇರಿದ ಇಬ್ಬರು. ಅವಳ ಕೈಕೆಳಗೆ ಕೆಲಸ ಮಾಡುವವರು. ಹೋದ ವಾರ ಅವಳು ಒಂದು ಆಜ್ಞೆ ಬರೆಯುವ ಮುಂಚೆ ಕೈಪಿಡಿ ತೆರೆದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅದು ಅವಳ ಕಣ್ಣಿಗೆ ಬಿತ್ತು. ಅವತ್ತಿನಿಂದ ಅವಳು ಅದನ್ನು ತೆರೆದಿಲ್ಲ.

ನಾಳೆಯದು ಸಣ್ಣ ಕೆಲಸವಲ್ಲ. ಆಸ್ಪತ್ರೆಯ ಹದಿನಾಲ್ಕು ವರ್ಷದ ದಾಖಲೆಯನ್ನು ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ ಸಾಗಿಸಬೇಕು. ಯಾವ ತಾಯಿಯದು ಯಾವ ರಕ್ತದ ಗುಂಪು, ಯಾರಿಗೆ ಯಾವ ಔಷಧಿ ಒಗ್ಗುವುದಿಲ್ಲ, ಯಾವ ಮಗುವಿಗೆ ಯಾವ ಲಸಿಕೆ ಬಾಕಿ, ಎಲ್ಲ ಅದರಲ್ಲಿದೆ. ಸಾಗಿಸಲು ಒಂದು ಸಾಲಿನ ಆಜ್ಞೆ ಸಾಕು. ಆ ಸಾಲಿನಲ್ಲಿ ಎರಡೂ ಯಂತ್ರಗಳ ಹೆಸರು ಬರೆಯಬೇಕು. ಕೆಲವು ಆಜ್ಞೆಗಳಲ್ಲಿ ಮೊದಲು ‘ಎಲ್ಲಿಂದ’ ಎಂದು ಬರೆಯಬೇಕು, ಕೆಲವದರಲ್ಲಿ ಮೊದಲು ‘ಎಲ್ಲಿಗೆ’ ಎಂದು. ಹೆಸರು ಹಿಂದುಮುಂದಾದರೆ ಹೊಸ ಯಂತ್ರದಲ್ಲಿ ಏನೂ ಇಲ್ಲವಲ್ಲ, ಆ ಏನೂ ಇಲ್ಲದ್ದೇ ಹಳೆಯದರ ಮೇಲೆ ಬಂದು ಕೂರುತ್ತದೆ. ದಾಖಲೆ ಅಳಿಸಿಹೋಗುತ್ತದೆ. ಬೇರೆ ಒಂದು ಪ್ರತಿ ಇದೆ, ಆದರೆ ಅದು ಮೂರು ತಿಂಗಳು ಹಳೆಯದು. ಆ ಮೂರು ತಿಂಗಳಲ್ಲಿ ಹೆಸರು ಬರೆಸಿದ ಬಸುರಿಯರೇ ನಾನೂರು ಜನ.

“ಆ ಸಾಲು ನನಗೆ ಬಾಯಿಪಾಠ ಮೇಷ್ಟ್ರೇ,” ಎಂದಳು ಕಾತ್ಯಾಯಿನಿ. “ಅವರಿಬ್ಬರೂ ಪಕ್ಕದಲ್ಲೇ ಕೂತಿರ್ತಾರೆ. ಗೊತ್ತಿರೋದನ್ನ ಪುಸ್ತಕ ನೋಡಿ ಬರೆದರೆ ಏನಂದ್ಕೊಳ್ತಾರೆ?”

ಮೇಷ್ಟ್ರು ಪುಸ್ತಕವನ್ನು ಕೈಗೆ ತೆಗೆದುಕೊಳ್ಳಲಿಲ್ಲ.

“ಊಟ ಆಯ್ತಾ?” ಎಂದು ಕೇಳಿದರು.

“ಆಯ್ತು.”

“ಹಾಗಾದರೆ ಹೇಳಬಹುದು. ಹಸಿದವರಿಗೆ ಹೇಳೋ ಕತೆ ಅಲ್ಲ ಇದು.”

ಮೇಷ್ಟ್ರ ಕತೆಗಳಲ್ಲಿ ಯಾರಿಗೂ ಹೆಸರಿರುವುದಿಲ್ಲ. ಹೆಸರು ಹೇಳಿದರೆ ಕೇಳುವವರು ಊರು ಕೇಳುತ್ತಾರೆ, ಊರು ಹೇಳಿದರೆ ಅಲ್ಲಿ ತಮ್ಮ ನೆಂಟರು ಯಾರಿದ್ದಾರೆ ಎಂದು ಶುರು ಮಾಡುತ್ತಾರೆ, ಕತೆ ಅಲ್ಲಿಗೇ ನಿಂತುಹೋಗುತ್ತದೆ ಎನ್ನುವುದು ಅವರ ವಾದ. ಅವರು ಹೇಳಿದ್ದು ಇಷ್ಟು.

ಒಂದು ಊರಿನಲ್ಲಿ ಒಂದು ದೇವಸ್ಥಾನ. ಅಲ್ಲಿ ವರ್ಷಕ್ಕೆ ಹತ್ತು ಹನ್ನೆರಡು ಸಲ ಸಂತರ್ಪಣೆ. ಎಲೆ ಹಾಕಿದರೆ ಐನೂರಕ್ಕೆ ಕಡಿಮೆ ಇಲ್ಲ. ಆ ಅಡುಗೆಮನೆಗೆ ಒಂದು ಕಟ್ಟಳೆ ಇತ್ತು. ದೇವರಿಗೆ ನೈವೇದ್ಯ ಆಗುವವರೆಗೆ ಯಾರೂ ಏನನ್ನೂ ನಾಲಿಗೆಗೆ ಮುಟ್ಟಿಸಬಾರದು. ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ ನೋಡುವುದು ಮನೆಯ ಅಡುಗೆಯಲ್ಲಿ ನಡೆಯುತ್ತದೆ, ಅಲ್ಲಿ ನಡೆಯದು. ನೈವೇದ್ಯ ಆದ ಗಳಿಗೆಗೇ ಬಡಿಸಲು ಶುರು. ಹೀಗಾಗಿ ಉಪ್ಪು ಬಿದ್ದರೆ ಬಿತ್ತು. ಸರಿಯಾಯಿತೋ ಇಲ್ಲವೋ ಎಂಬುದು ಮೊದಲ ಪಂಕ್ತಿಯವರ ಮುಖ ನೋಡಿದಾಗಲೇ ತಿಳಿಯಬೇಕು. ದೇವರಂತೂ ಎಂದೂ ಬಾಯಿಬಿಟ್ಟು ಹೇಳಿದವನಲ್ಲ.

ಅಲ್ಲಿ ಒಬ್ಬ ಹಿರಿಯ ಅಡುಗೆಯವನಿದ್ದ. ಮೂವತ್ತು ವರ್ಷ ಅವನೇ ಸೌಟು ಹಿಡಿದವನು. ಅವನ ಸೊಂಟದಲ್ಲಿ ಯಾವಾಗಲೂ ಒಂದು ಸಣ್ಣ ಪುಸ್ತಕ ಸಿಕ್ಕಿಕೊಂಡಿರುತ್ತಿತ್ತು. ತಾನೇ ಬರೆದದ್ದು. ಸಾರಿಗೆ ಒಂದು ಪುಟ, ಪಲ್ಯಕ್ಕೆ ಒಂದು ಪುಟ, ಪಾಯಸಕ್ಕೆ ಒಂದು ಪುಟ. ನೂರು ಎಲೆಗೆ ಇಷ್ಟು ಬೇಳೆ, ಇಷ್ಟು ಹುಣಸೆಹಣ್ಣು, ಇಷ್ಟು ಉಪ್ಪು. ಉಪ್ಪು ಹಾಕುವ ಮುಂಚೆ ಅವನು ಕೈ ಒರೆಸಿಕೊಂಡು ಪುಸ್ತಕ ತೆಗೆಯುತ್ತಿದ್ದ. ಪುಟ ನೋಡುತ್ತಿದ್ದ. ಮತ್ತೆ ಸೊಂಟಕ್ಕೆ ಸಿಕ್ಕಿಸಿ, ಆಮೇಲೆ ಅಳೆಯುತ್ತಿದ್ದ. ಮೂವತ್ತನೆಯ ವರ್ಷವೂ ಹಾಗೆಯೇ. ಜನ ನಗುತ್ತಿದ್ದರು. ತಾನೇ ಬರೆದದ್ದನ್ನು ತಾನೇ ಮರೆಯುವ ಮುದುಕ ಎನ್ನುತ್ತಿದ್ದರು.

ಅವನ ಕೆಳಗೆ ಒಬ್ಬ ಕಿರಿಯ ಅಡುಗೆಯವನಿದ್ದ. ಕಿರಿಯ ಎಂದರೆ ನಲವತ್ತರ ಹತ್ತಿರ. ನಿಜ ಹೇಳಬೇಕೆಂದರೆ ಅವನು ಹಿರಿಯವನಿಗಿಂತ ಒಳ್ಳೆಯ ಅಡುಗೆಯವನು. ಕುದಿಯುವ ಸದ್ದು ಕೇಳಿ ಬೇಳೆ ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದ. ಒಗ್ಗರಣೆಯ ಸಾಸಿವೆ ಎಷ್ಟು ಸಿಡಿದರೆ ಸಾಕು ಎಂಬುದು ಅವನ ಕಿವಿಗೆ ಗೊತ್ತಿತ್ತು. ಇಡೀ ಪುಸ್ತಕ ಅವನಿಗೆ ಬಾಯಿಗೆ ಬರುತ್ತಿತ್ತು. ಇಂಥವನ ಮೇಲೆ ನನಗೆ ಸಿಟ್ಟಿಲ್ಲ. ಪ್ರತಿಭೆ ಇದ್ದವನಿಗೆ ಸ್ವಲ್ಪ ಜಂಬ ಇದ್ದರೆ ಇರಲಿ ಬಿಡಿ, ಅದನ್ನು ಹೊರುವುದಕ್ಕೆ ಅವನ ಹೆಗಲಿದೆ.

ಹಿರಿಯವನಿಗೆ ವಯಸ್ಸಾಯಿತು. ಕಣ್ಣು ಮಂಜಾಯಿತು. ದೇವಸ್ಥಾನದವರು ಕರೆದು, ಇನ್ನು ಯಾರಿಗೆ ಸೌಟು ಕೊಡೋಣ ಎಂದು ಕೇಳಿದರು.

“ಅವನಿಗೇ ಕೊಡಿ. ಕೈಗುಣದಲ್ಲಿ ನನಗಿಂತ ಅವನೇ ಮೇಲು,” ಎಂದ ಹಿರಿಯವನು. ಪುಸ್ತಕವನ್ನೂ ಅವನ ಕೈಗೆ ಇಟ್ಟ. “ಹಾಕೋಕೆ ಮುಂಚೆ ನೋಡು” ಎಂದಷ್ಟೇ ಹೇಳಿದ.

ಕಿರಿಯವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಕಣ್ಣಿಗೆ ಒತ್ತಿಕೊಂಡ. ಅಡುಗೆಮನೆಯ ಗೋಡೆಯ ಗೂಡಿನಲ್ಲಿ ದೇವರ ಪಟದ ಪಕ್ಕ ಇಟ್ಟ. ಅರಿಶಿನ ಕುಂಕುಮ ಹಚ್ಚಿದ, ಹೂವು ಏರಿಸಿದ. ಪ್ರತಿ ಸಂತರ್ಪಣೆಯ ದಿನ ಒಲೆ ಹಚ್ಚುವ ಮುಂಚೆ ಅದಕ್ಕೆ ಆರತಿ ಎತ್ತಿದ. ತೆರೆಯುವುದೊಂದನ್ನು ಬಿಟ್ಟು ಅದಕ್ಕೆ ಮಾಡಬೇಕಾದದ್ದನ್ನೆಲ್ಲ ಮಾಡಿದ. ಪುಸ್ತಕಕ್ಕೆ ಕೈಮುಗಿಯುವುದರಲ್ಲಿ ನಾವು ಯಾರಿಗೇನು ಕಡಿಮೆ?

ಇಲ್ಲಿ ಕಾತ್ಯಾಯಿನಿಗೆ ನಗು ಬಂತು. “ನಾನೂ ಆಯುಧಪೂಜೆಗೆ ಇದಕ್ಕೆ ಕುಂಕುಮ ಹಚ್ಚಿದ್ದೆ ಮೇಷ್ಟ್ರೇ.”

“ಕಾಣಿಸ್ತಿದೆ. ಅಂಚೆಲ್ಲ ಕೆಂಪಾಗಿದೆ,” ಎಂದು ಮೇಷ್ಟ್ರು ಕತೆ ಮುಂದುವರಿಸಿದರು.

ಒಂದು ವರ್ಷ ಎಲ್ಲವೂ ಸರಿಯಾಗಿ ನಡೆಯಿತು. ಹತ್ತು ಸಂತರ್ಪಣೆಯಲ್ಲಿ ಒಂದಕ್ಕೂ ಹೆಸರಿಡುವ ಹಾಗಿರಲಿಲ್ಲ. ಜನ ಎಲೆ ಬಿಟ್ಟು ಏಳುವಾಗ, ಈತ ಪುಸ್ತಕ ಮುಟ್ಟುವುದೇ ಇಲ್ಲವಂತೆ ಎಂದು ಮಾತಾಡಿಕೊಂಡರು. ಅಕ್ಕಪಕ್ಕದ ಊರಿಗೂ ಸುದ್ದಿ ಹೋಯಿತು. ಪುಸ್ತಕ ನೋಡದ ಅಡುಗೆಯವನು ಎಂದೇ ಅವನ ಹೆಸರಾಯಿತು. ಮೊದಲು ಅವನು ಪುಸ್ತಕ ನೋಡುತ್ತಿರಲಿಲ್ಲ. ಈಗ ನೋಡಬೇಕೆಂದರೂ ನೋಡುವಂತಿರಲಿಲ್ಲ. ಈ ಎರಡಕ್ಕೂ ಬಹಳ ವ್ಯತ್ಯಾಸವಿದೆ, ಆದರೆ ಅದು ಅವನಿಗೆ ಹೊಳೆಯಲಿಲ್ಲ.

ಆ ಊರಿನಲ್ಲಿ ಎರಡು ಬೀದಿ. ಮೂಡಲ ಬೀದಿ, ಪಡುವಲ ಬೀದಿ. ಎರಡು ಬೀದಿಯವರೂ ಏಳು ವರ್ಷದಿಂದ ಒಟ್ಟಿಗೆ ಊಟಕ್ಕೆ ಕೂತಿರಲಿಲ್ಲ. ಒಂದು ಸಂತರ್ಪಣೆಯಲ್ಲಿ ತುಪ್ಪ ಮೊದಲು ಯಾವ ಬೀದಿಯ ಸಾಲಿಗೆ ಬಂತು ಎಂಬಲ್ಲಿ ಶುರುವಾದ ಜಗಳ ಅದು. ತುಪ್ಪ ಅವತ್ತೇ ಮುಗಿಯಿತು, ಜಗಳ ಮುಗಿಯಲಿಲ್ಲ. ಮದುವೆಗೆ ಕರೆಯುವುದು ನಿಂತಿತು, ಸಾವಿಗೆ ಹೋಗುವುದೂ ನಿಂತಿತು. ನಮ್ಮ ಅಡುಗೆಯವನು ಮೂಡಲ ಬೀದಿಯವನು. ಅವನ ಒಬ್ಬಳೇ ತಂಗಿಯನ್ನು ಪಡುವಲ ಬೀದಿಗೆ ಕೊಟ್ಟಿತ್ತು. ಎರಡು ಮನೆಗೂ ನಡುವೆ ಇನ್ನೂರು ಹೆಜ್ಜೆ. ಏಳು ವರ್ಷ ಅವಳು ತವರಿಗೆ ಬರಲಿಲ್ಲ. ದಾರಿಯಲ್ಲಿ ಎದುರಾದರೆ ಅಣ್ಣನನ್ನು ನೋಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅದು ಅವನ ಎದೆಯೊಳಗಿನ ನೋವು. ಅವನು ಯಾರ ಮುಂದೂ ಅದನ್ನು ಹೇಳಿಕೊಂಡವನಲ್ಲ.

ಕೊನೆಗೆ ಹಿರಿಯರು ಕೂತು ರಾಜಿ ಮಾಡಿಸಿದರು. ಎರಡೂ ಬೀದಿಯವರು ಒಂದೇ ಪಂಕ್ತಿಯಲ್ಲಿ, ಒಬ್ಬರ ಪಕ್ಕ ಒಬ್ಬರು ಕೂತು ಊಟ ಮಾಡುವುದು. ಸಾಮಾನನ್ನೂ ಹಂಚಿಕೊಂಡು ತರುವುದು. ಮೂಡಲ ಬೀದಿಯವರು ಬೇಳೆ ಬೆಲ್ಲ ತಂದರು. ಪಡುವಲ ಬೀದಿಯವರು ತರಕಾರಿ ಮತ್ತು ಉಪ್ಪು ತಂದರು. ಎಂಟುನೂರು ಎಲೆ. ಹೋಳಿಗೆ ಊಟ. ಈ ಊಟ ಚೆನ್ನಾಗಿ ಆದರೆ ತಂಗಿ ನಾಳೆಯೇ ಮನೆಗೆ ಬರುತ್ತಾಳೆ ಎಂದು ಅಡುಗೆಯವನು ಲೆಕ್ಕ ಹಾಕಿದ. ಅವತ್ತು ಅವನು ಒಲೆ ಹಚ್ಚಿದ್ದು ಆ ಒಂದು ಆಸೆಯಿಂದ.

ಸಾರು ಕುದಿಯಿತು. ಉಪ್ಪಿನ ಚೀಲ ಬಿಚ್ಚಿದರು. ಒಳಗೆ ಪುಡಿ ಉಪ್ಪು.

ಆ ಅಡುಗೆಮನೆಗೆ ಅದುವರೆಗೆ ಬಂದದ್ದು ಕಲ್ಲುಪ್ಪು ಮಾತ್ರ. ಪುಡಿ ಉಪ್ಪು ಆಗ ಆ ಊರಿಗೆ ಅಪರೂಪ, ಬೆಲೆಯೂ ಹೆಚ್ಚು. ಏಳು ವರ್ಷದ ಮೇಲೆ ಒಟ್ಟಿಗೆ ಉಣ್ಣುವ ಊಟ, ಇರುವುದರಲ್ಲಿ ಒಳ್ಳೆಯದನ್ನೇ ಕೊಡೋಣ ಎಂದು ಪಡುವಲ ಬೀದಿಯವರು ಅಂಗಡಿಯಲ್ಲಿದ್ದ ಮೇಲಾದ ಉಪ್ಪನ್ನೇ ತಂದಿದ್ದರು. ಅವರ ಮನಸ್ಸಿನಲ್ಲಿ ಕಲ್ಮಷ ಇರಲಿಲ್ಲ.

ಅಡುಗೆಯವನು ಅಳತೆಯ ಪಾತ್ರೆ ಹಿಡಿದು ನಿಂತ. ಎಂಟುನೂರು ಎಲೆಗೆ ಕಲ್ಲುಪ್ಪಾದರೆ ಮೂರು ಸೇರು. ಅದು ಗೊತ್ತು. ಪುಡಿಯಾದರೆ? ಪುಸ್ತಕದಲ್ಲಿ ಅದಕ್ಕೂ ಒಂದು ಮಾತಿತ್ತು. ‘ಕಾಲು’ ಎಂಬುದು ಅವನಿಗೆ ಸ್ಪಷ್ಟವಾಗಿ ನೆನಪಿತ್ತು. ಕಾಲು ಭಾಗ ಹೆಚ್ಚೋ, ಕಾಲು ಭಾಗ ಕಡಿಮೆಯೋ, ಅದೊಂದು ಹೊಳೆಯಲಿಲ್ಲ. ಮನೆಯಲ್ಲಿ ಅಡುಗೆ ಮಾಡಿದ್ದರೆ ಗೊತ್ತಾಗುತ್ತಿತ್ತೇನೋ. ಊರಿಗೆಲ್ಲ ಅಡುಗೆ ಮಾಡುವವನು ಮನೆಯಲ್ಲಿ ಒಲೆಯ ಹತ್ತಿರ ಸುಳಿಯುವುದಿಲ್ಲ.

ಪಕ್ಕದವರನ್ನು ಮೆಲ್ಲಗೆ ಕೇಳಿದ. ತರಕಾರಿ ಹೆಚ್ಚುತ್ತಿದ್ದವನು ಜಾಸ್ತಿ ಹಾಕಬೇಕು ಎಂದ. ಹೋಳಿಗೆ ತಟ್ಟುತ್ತಿದ್ದವನು ಕಡಿಮೆ ಸಾಕು ಎಂದ. ನೀರು ಹೊರುತ್ತಿದ್ದವನು ಉಪ್ಪು ಉಪ್ಪೇ, ಅದರಲ್ಲೇನು ಎಂದ. ಮೂವರೂ ಅನುಮಾನವಿಲ್ಲದೆ ಹೇಳಿದರು. ನೀವು ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಸಿಗುವ ಹಾಗೆಯೇ ಸಿಕ್ಕಿತು.

ಗೂಡು ಹತ್ತು ಹೆಜ್ಜೆ ದೂರ. ಆದರೆ ಅಡುಗೆಮನೆಯ ಬಾಗಿಲಿನಲ್ಲಿ ಎರಡೂ ಬೀದಿಯ ಜನ ನಿಂತಿದ್ದರು. ಪುಸ್ತಕ ನೋಡದ ಅಡುಗೆಯವನನ್ನು ನೋಡಲೆಂದೇ ನಿಂತಿದ್ದರು. ಅವನ ಕಾಲು ಏಳಲಿಲ್ಲ. ಪುಡಿ ಉಪ್ಪು ಸಾರಿಗೆ ಬಿದ್ದೊಡನೆ ಕರಗಿ ಕಾಣೆಯಾಗುತ್ತದೆ, ಕಲ್ಲುಪ್ಪಿನ ಹಾಗೆ ಕೂತು ನಿಲ್ಲುವುದಿಲ್ಲ, ಅಂದಮೇಲೆ ಹೆಚ್ಚೇ ಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬುದ್ಧಿವಂತನಿಗೆ ಕಾರಣಗಳಿಗೆ ಬರವಿಲ್ಲ. ಮೂರು ಸೇರಿಗೆ ಮುಕ್ಕಾಲು ಸೇರು ಸೇರಿಸಿ ಹಾಕಿದ. ಬಾಗಿಲಲ್ಲಿ ನಿಂತವರು ತಲೆದೂಗಿದರು.

ನೈವೇದ್ಯ ಆಯಿತು. ಎಲೆ ಹಾಕಿದರು. ಮೂಡಲ ಬೀದಿಯ ಒಬ್ಬರು, ಪಡುವಲ ಬೀದಿಯ ಒಬ್ಬರು, ಹೀಗೆ ಜನ ಕೂತರು. ಅನ್ನ ಬಂತು, ಸಾರು ಬಂತು. ಎಲ್ಲರೂ ಕಲಸಿ ಮೊದಲ ತುತ್ತು ಬಾಯಿಗಿಟ್ಟರು.

ಪಂಕ್ತಿಯಲ್ಲಿ ಮಾತು ನಿಂತುಹೋಯಿತು.

ಒಬ್ಬರೂ ಉಗುಳಲಿಲ್ಲ, ಒಬ್ಬರೂ ಎರಡನೆಯ ತುತ್ತು ಎತ್ತಲಿಲ್ಲ. ಮೂಡಲ ಬೀದಿಯವರ ಕಣ್ಣು ಪಡುವಲ ಬೀದಿಯವರ ಕಡೆ ತಿರುಗಿತು. ಉಪ್ಪು ತಂದವರು ಅವರು ತಾನೆ. ಪಡುವಲ ಬೀದಿಯವರಿಗೆ ಆ ನೋಟದ ಅರ್ಥ ತಕ್ಷಣ ತಿಳಿಯಿತು. ಒಬ್ಬ ಎಲೆ ಮಡಿಸಲು ಕೈ ಇಟ್ಟ. ಅವನು ಎದ್ದಿದ್ದರೆ ಅವನ ಬೀದಿಯೆಲ್ಲ ಏಳುತ್ತಿತ್ತು. ಇನ್ನು ಏಳು ವರ್ಷವೋ ಎಪ್ಪತ್ತು ವರ್ಷವೋ ಹೇಳುವವರು ಯಾರು?

ಅಡುಗೆಯವನು ಸೌಟು ಹಿಡಿದು ಅಲ್ಲೇ ನಿಂತಿದ್ದ. ಅವನು ಸುಮ್ಮನಿದ್ದರೆ ಸಾಕಿತ್ತು. ತಪ್ಪು ತಾನಾಗಿಯೇ ಉಪ್ಪಿನವರ ತಲೆಗೆ ಹೋಗುತ್ತಿತ್ತು. ಅವನ ಹೆಸರು ಹಾಗೆಯೇ ಉಳಿಯುತ್ತಿತ್ತು.

ಆಗ ಪಂಕ್ತಿಯ ನಡುವಿನಿಂದ ಒಂದು ಹೆಣ್ಣು ದನಿ ಬಂತು.

“ಅಣ್ಣಾ, ಸಾರಿಗೆ ಉಪ್ಪು ಜಾಸ್ತಿ ಆಗಿದೆ.”

ತಂಗಿ ಏಳು ವರ್ಷದ ಮೇಲೆ ಅವನೊಡನೆ ಆಡಿದ ಮೊದಲ ಮಾತು ಅದು.

ಅಡುಗೆಯವನ ಕಣ್ಣಲ್ಲಿ ನೀರು ಬಂತು. ಅವನು ಸೌಟು ಕೆಳಗಿಟ್ಟ.

“ಉಪ್ಪು ಚೆನ್ನಾಗೇ ಇತ್ತು ತಾಯಿ. ಹಾಕಿದ್ದು ನಾನು. ಅಳತೆ ಮರೆತೆ, ಪುಸ್ತಕ ನೋಡಲಿಲ್ಲ,” ಎಂದ. ಎಂಟುನೂರು ಜನಕ್ಕೂ ಕೇಳುವ ಹಾಗೆ ಹೇಳಿದ.

ಹೇಳಿದವನು ಗೂಡಿನ ಹತ್ತಿರ ಹೋದ. ಹೂವು ತೆಗೆದ. ಪುಸ್ತಕವನ್ನು ಎಲ್ಲರೂ ನೋಡುವ ಹಾಗೆ ಹೊರಗೆ ತಂದು ತೆರೆಯಲು ನೋಡಿದ. ಬರಲಿಲ್ಲ. ಒಂದು ವರ್ಷದ ಕುಂಕುಮ, ದೀಪದ ಎಣ್ಣೆ, ತೀರ್ಥದ ನೀರು ಎಲ್ಲ ಸೇರಿ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಪೂಜೆ ಅಷ್ಟು ಗಟ್ಟಿಯಾಗಿ ನಡೆದಿತ್ತು. ಎರಡೂ ಬೀದಿಯವರು ಎಂಜಲು ಕೈಯಲ್ಲೇ ಕತ್ತು ಚಾಚಿ ನೋಡಿದರು. ಅವನು ಉಗುರಿನಿಂದ ಒಂದೊಂದೇ ಹಾಳೆ ಬಿಡಿಸಿದ. ಸಾರಿನ ಪುಟದಲ್ಲಿ ಅರ್ಧ ಅಕ್ಷರ ಕೆಂಪಾಗಿ ಹೋಗಿತ್ತು. ಉಳಿದರ್ಧ ಓದಲು ಬಂತು.

‘ಪುಡಿ ಉಪ್ಪಾದರೆ ಕಾಲು ಕಡಿಮೆ’ ಎಂದಿತ್ತು. ಅದರ ಕೆಳಗೆ ಇನ್ನೊಂದು ಸಾಲು: ‘ತಪ್ಪಿ ಕಾಲು ಹೆಚ್ಚು ಹಾಕಿದರೆ ಹೆದರಬೇಡ. ಐದರಲ್ಲಿ ಎರಡು ಪಾಲು ಸಾರು ತೆಗೆ. ಅಷ್ಟೇ ಉಪ್ಪಿಲ್ಲದ ಬೇಳೆಕಟ್ಟು ಹಾಕಿ ಕುದಿಸು.’

ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟು ದೊಡ್ಡ ಪಾತ್ರೆಯಲ್ಲಿ ಬಸಿದಿಟ್ಟದ್ದು ಹಾಗೆಯೇ ಇತ್ತು. ಅದಕ್ಕೆ ಯಾರೂ ಉಪ್ಪು ಹಾಕಿರಲಿಲ್ಲ. ಅವನು ಒಳಗೆ ಓಡಿದ. ಸಾರು ಕುದಿಯುವವರೆಗೆ ಹೋಳಿಗೆ ಬಡಿಸಿ ಎಂದು ಕೂಗಿ ಹೇಳಿದ. ತುಪ್ಪದ ಪಾತ್ರೆಯೂ ಹೊರಗೆ ಬಂತು. ಬಡಿಸುವವನು ಯಾವ ಬೀದಿಯವರಿಗೆ ಮೊದಲು ಹಾಕಲಿ ಎಂದು ತಿಳಿಯದೆ ನಿಂತ. ಎಲೆ ಮಡಿಸಲು ಹೋಗಿದ್ದ ಪಡುವಲ ಬೀದಿಯವನು ಪಕ್ಕದವನ ಎಲೆ ತೋರಿಸಿ, “ಇವರಿಗೆ ಹಾಕಪ್ಪಾ, ನಮ್ಮ ಉಪ್ಪು ಇವರ ನಾಲಿಗೆ ಸುಟ್ಟಿದೆ,” ಎಂದ. ಮೂಡಲ ಬೀದಿಯವನಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕದ್ದನ್ನು ನೋಡಿ ಆ ಸಾಲು ನಕ್ಕಿತು. ಮುಂದಿನ ಅರ್ಧ ಗಂಟೆ ಎರಡೂ ಬೀದಿಯವರಿಗೆ ಹೋಳಿಗೆ ತಿನ್ನುವುದು, ಅಡುಗೆಯವನನ್ನು ಬೈಯುವುದು ಬಿಟ್ಟು ಬೇರೆ ಕೆಲಸ ಇರಲಿಲ್ಲ. ಒಟ್ಟಿಗೆ ಕೂತು ಬೈಯುವುದಕ್ಕೆ ಅವರಿಗೆ ಅವನೊಬ್ಬ ಸಿಕ್ಕಿದ್ದ.

ಮತ್ತೆ ಸಾರು ಬಂತು. ಎಲ್ಲರೂ ಹೊಟ್ಟೆ ತುಂಬ ಉಂಡರು. ಕೆಲವರು ಸಾರನ್ನೇ ಕೈಯಲ್ಲಿ ಹಾಕಿಸಿಕೊಂಡು ಕುಡಿದರು.

ಜನ ಹೋದ ಮೇಲೆ ಅಡುಗೆಯವನು ಹಿರಿಯವನ ಹತ್ತಿರ ಬಂದು ಕೂತ. ಹಿರಿಯವನೂ ಪಂಕ್ತಿಯಲ್ಲಿ ಉಂಡು, ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ.

“ಕಾಲು ಹೆಚ್ಚು ಬಿದ್ದರೆ ಹೀಗೆ ಮಾಡು ಅಂತ ಬರೆದಿದ್ದೀರಲ್ಲ, ನಾನು ಅದನ್ನೇ ಮಾಡ್ತೀನಿ ಅಂತ ನಿಮಗೆ ಹೇಗೆ ಗೊತ್ತಿತ್ತು?” ಎಂದು ಕೇಳಿದ.

“ನೀನು ಮಾಡ್ತೀಯ ಅಂತ ಅಲ್ಲಪ್ಪ. ನಾನು ಮಾಡಿದ್ದೆ. ಎರಡನೇ ವರ್ಷ, ಬೇರೆ ಊರಿನ ಒಂದು ಮದುವೇಲಿ. ಅಲ್ಲಿ ಪುಡಿ ಉಪ್ಪು ಕೊಟ್ಟಿದ್ದರು. ಆ ಪುಸ್ತಕದಲ್ಲಿ ನನ್ನ ಬುದ್ಧಿವಂತಿಕೆ ಏನೂ ಇಲ್ಲ, ಇರೋದೆಲ್ಲ ನಾನು ಬೈಸಿಕೊಂಡಿದ್ದು.”

ಕಿರಿಯವನು ಮತ್ತೆ ಕೇಳಿದ. “ಮೂವತ್ತು ವರ್ಷ ಪ್ರತಿ ಸಲ ತೆಗೆದು ನೋಡಿದಿರಿ. ನಿಜ ಹೇಳಿ, ಎಷ್ಟು ಸಲ ಮರೆತಿದ್ದಿರಿ?”

“ಒಂದು ಸಲವೂ ಮರೆತಿರಲಿಲ್ಲ.”

“ಮತ್ತೆ ಯಾಕೆ ನೋಡ್ತಿದ್ದಿರಿ?”

“ಮರೆತ ದಿನ, ಮರೆತಿದ್ದೀನಿ ಅಂತ ಯಾರಿಗಪ್ಪಾ ಗೊತ್ತಾಗುತ್ತೆ?” ಎಂದ ಹಿರಿಯವನು.

ಮಾರನೆಯ ದಿನ ಬೆಳಿಗ್ಗೆ ತಂಗಿ ತವರಿಗೆ ಬಂದಳು. ಮುಂದಿನ ಸಂತರ್ಪಣೆಯಿಂದ ಅಡುಗೆಯವನು ಪುಸ್ತಕವನ್ನು ಗೂಡಿನಲ್ಲಿ ಇಡಲಿಲ್ಲ, ಸೊಂಟದಲ್ಲಿ ಇಟ್ಟುಕೊಂಡ. ಕುಂಕುಮದಲ್ಲಿ ಅಳಿಸಿಹೋದದ್ದನ್ನು ಹಿರಿಯವನನ್ನು ಕೇಳಿ ಮತ್ತೆ ಬರೆದುಕೊಂಡ. ಕೊನೆಗೆ ತನ್ನದೂ ಒಂದು ಸಾಲು ಸೇರಿಸಿದ: ‘ಎಣ್ಣೆ ತಾಗಿಸಬೇಡ.’ ಜನ ಈಗಲೂ ನಗುತ್ತಿದ್ದರು. ಅವನೂ ಅವರ ಜೊತೆ ನಗುತ್ತಿದ್ದ, ನಗುತ್ತಲೇ ಪುಟ ತಿರುವುತ್ತಿದ್ದ.

ಮೇಷ್ಟ್ರು ಕತೆ ಮುಗಿಸಿದರು.

ಕಾತ್ಯಾಯಿನಿ ಕೈಪಿಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಕತೆ ಅವಳಿಗೆ ಹಿಡಿಸಿತ್ತು. ಆದರೂ ಒಂದು ಮುಳ್ಳು ಉಳಿದಿತ್ತು.

“ಅಡುಗೆಯವನು ತಪ್ಪು ಮಾಡಿದ ಮೇಲೆ ತೆರೆದ ಮೇಷ್ಟ್ರೇ. ತಪ್ಪು ಮಾಡಿದವನಿಗೆ ಇನ್ನೆಂಥ ಮರ್ಯಾದೆ? ನಾನು ಏನೂ ತಪ್ಪು ಮಾಡದೆ ತೆರೀಬೇಕು. ಆ ಇಬ್ಬರು ನನ್ನ ಮೇಲಿಟ್ಟಿರೋ ಗೌರವ ಹೋದರೆ?”

ಮೇಷ್ಟ್ರು ಅವಳನ್ನು ನೋಡಿ ನಕ್ಕರು. ಆಮೇಲೆ ಒಂದೇ ಒಂದು ಮಾತು ಕೇಳಿದರು.

“ನೀನಿಲ್ಲದ ದಿನ ಆ ತಾಯಂದಿರ ದಾಖಲೆ ಆ ಇಬ್ಬರ ಕೈಯಲ್ಲೇ ಇರುತ್ತಲ್ಲಮ್ಮಾ, ಪುಸ್ತಕ ತೆರೆಯೋದನ್ನ ಅವರು ಯಾರನ್ನ ನೋಡಿ ಕಲೀಬೇಕು?”